ಗುಂಗುರುಗೂದಲಿನ ನೀರಡಿಕೆ

ಕೂದಲು ಒಣಗಿದರೆ ಎಣ್ಣೆ ಹಚ್ಚು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಶಾಸನ. ಇಳಿಬೀಳುವ ನೀಳವೇಣಿಯನ್ನೇ ಕೇಶಸೌಂದರ್ಯದ ಪರಮಾವಧಿಯೆಂದು ನಂಬಿಕೊಂಡು ಬಂದ ಸಮಾಜದಲ್ಲಿ ಇಂತಹ ಶಾಸನ ಹುಟ್ಟಿದ್ದು ಸಹಜವೇ. ಅಂತಹ ಕೂದಲುಳ್ಳವರು ಅದನ್ನು ಪಾಲಿಸಿದರೆ ಹಾನಿಯೂ ಇಲ್ಲ, ಒಂದಿಷ್ಟು ಪ್ರಯೋಜನವೂ ಉಂಟು. ಆದರೆ ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುರುಳಿಗಟ್ಟಿ, ಎಳೆಯೊಂದನ್ನು ಹಿಡಿದೆಳೆದು ಬಿಟ್ಟರೆ ಮರುಕ್ಷಣವೇ ಹಿಂದಿನ ಸ್ಥಿತಿಗೆ ಮುದುಡಿಕೊಳ್ಳತಕ್ಕ ಕೂದಲಿನ ವಿಷಯಕ್ಕೆ ಬಂದಾಗ ಈ ಶಾಸನ ಅರ್ಧಸತ್ಯವಾಗಿ ಪರಿಣಮಿಸುತ್ತದೆ; ಅದನ್ನೇ ನೆಚ್ಚಿದವರ ತಲೆ ಜಿಡ್ಡಿನಿಂದ ಮಿರುಗುತ್ತಿದ್ದರೂ ಎಳೆ ಮಾತ್ರ ಬೆರಳು ತಾಕಿದರೆ ಮುರಿಯುವಷ್ಟು ರೂಕ್ಷವಾಗಿಯೇ ಉಳಿದಿರುವುದುಂಟು. ಆ ಕೂದಲು ಬೇಡುವುದು ನೀರನ್ನು. ಎಣ್ಣೆಯ ಕೆಲಸ ಆ ನೀರನ್ನು ಕಾಯುವುದು ಮಾತ್ರ. ಕಾಯಲು ನೀರೇ ಇಲ್ಲದಿದ್ದಲ್ಲಿ ಕಾವಲುಗಾರನನ್ನು ನಿಲ್ಲಿಸಿ ಫಲವೇನು?

ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕಿರುವ ಆಫ್ರಿಕಾದ ಬಹುಪಾಲು ಜನರಿಗೂ, ದಾಸ್ಯದ ಹಡಗುಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕ, ಬ್ರೆಜಿಲ್, ಕೆರಿಬಿಯನ್ ದ್ವೀಪಗಳಲ್ಲಿ ನೆಲೆ ಕಾಣಬೇಕಾಗಿ ಬಂದವರ ಸಂತತಿಗೂ ಇಂತಹ ಕೂದಲು ಸಹಜವಾದದ್ದು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಮಾರ್ಗವಾಗಿ ಬಂದು, ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ, ಕೊಂಕಣಿಯನ್ನೂ ಕನ್ನಡವನ್ನೂ ಆಡುವ ಸಿದ್ದಿ ಜನರದೂ ಇದೇ ಪರಂಪರೆಯ ಕೂದಲು. ಆದಕಾರಣ ಈ ವಿಷಯ ಪರದೇಶದವರದೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ.

ಈ ಕೂದಲು ಬೇಗ ಒಣಗುವುದಕ್ಕೆ ಕಾರಣವನ್ನು ಅದರ ಆಕಾರದಲ್ಲಿ ಹುಡುಕಬೇಕು. ದ್ರವ್ಯದ ದೃಷ್ಟಿಯಿಂದ ನೋಡಿದರೆ ಎಲ್ಲ ಮನುಷ್ಯರ ಕೂದಲೂ ಕೆರಾಟಿನ್ ಎಂಬ ಪ್ರೋಟೀನಿನಿಂದಲೇ ಆದದ್ದು, ಅದರಲ್ಲಿ ಜನಾಂಗಭೇದವಿಲ್ಲ. ಭೇದವಿರುವುದು ಚರ್ಮದೊಳಗಿನ ರೋಮಕೂಪದಲ್ಲಿ. ನೇರವಾದ ಕೂದಲಿನ ರೋಮಕೂಪ ನೆಟ್ಟಗೆ ಇಳಿದಿರುತ್ತದೆ, ಅಲ್ಲಿಂದ ಹೊರಟ ಎಳೆಯನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಮೆ ದುಂಡಗೆ ಕಾಣುತ್ತದೆ. ಬಿಗಿಗುಂಗುರಿನ ರೋಮಕೂಪವಾದರೋ ಚರ್ಮದೊಳಗೇ ಬಾಗಿ ಬುಡದಲ್ಲಿ ಕೊಕ್ಕೆಯಂತೆ ಹಿಂದಿರುಗಿರುತ್ತದೆ, ಅದರ ಎಳೆ ಚಪ್ಪಟೆಯಾದ ಅಂಡಾಕೃತಿಯದು. ರೋಮಕೂಪದ ಮಗ್ಗುಲಲ್ಲಿರುವ ಗ್ರಂಥಿಗಳು ನಿರಂತರವಾಗಿ ಒಂದು ಬಗೆಯ ಜಿಡ್ಡನ್ನು ಸ್ರವಿಸುತ್ತಿರುತ್ತವೆಯಷ್ಟೆ. ನೇರಕೂದಲಿನಲ್ಲಿ ಆ ಜಿಡ್ಡು ಬಾಚಣಿಗೆಯ ಹಾಗೂ ಕೈಯ ಸಹಾಯದಿಂದ ತುದಿಯವರೆಗೆ ಜಾರಿ ಇಳಿಯುತ್ತದೆ. ಸುರುಳಿಯ ಮೇಲೆ ಸುರುಳಿಯಿರುವಲ್ಲಿ ಅದು ಬುಡದ ಬಳಿಯಲ್ಲೇ ತಂಗಿ, ಎಲ್ಲಕ್ಕಿಂತ ಹಳೆಯದೂ ಸವೆದದ್ದೂ ಆದ ತುದಿಭಾಗಕ್ಕೆ ದಕ್ಕುವುದೇ ಇಲ್ಲ.

ಇನ್ನೊಂದು ತೊಡಕೂ ಉಂಟು. ಪ್ರತಿಯೊಂದು ಎಳೆಯ ಹೊರಮೈಯನ್ನು ಅತಿ ಸೂಕ್ಷ್ಮವಾದ ಹುರುಪೆಗಳು ಹಲವು ಪದರಗಳಲ್ಲಿ, ಮಂಗಳೂರು ಹೆಂಚನ್ನು ಹೊದೆಸಿದಂತೆ, ಒಂದರ ಅಂಚಿನ ಮೇಲೆ ಇನ್ನೊಂದಾಗಿ ಮುಚ್ಚಿಕೊಂಡಿವೆ. ಸಪಾಟಾದ ಮಾಡಿನ ಮೇಲೆ ಹೆಂಚು ಒತ್ತಾಗಿ ಕೂಡುವುದು ಸುಲಭ. ಮಾಡು ತಿರುಚಿಕೊಂಡಲ್ಲಿ ಅಂಚುಗಳು ಮೇಲೆದ್ದು ಸಂದು ಬಿಡುತ್ತದೆ. ಸುರುಳಿಗೂದಲಿನ ಎಳೆ ತಿರುಚಿಕೊಳ್ಳುವ ಪ್ರತಿಯೊಂದು ಎಡೆಯಲ್ಲಿಯೂ ಹೀಗೇ ಹುರುಪೆ ಸಡಿಲುತ್ತದೆ, ಒಳಗಿನ ತೇವ ಅಲ್ಲಿಂದ ಆರಿಹೋಗುತ್ತದೆ, ಎಳೆ ಮುರಿಯುವುದೂ ಅಲ್ಲಿಯೇ. ನೋಡುವುದಕ್ಕೆ ದಟ್ಟವಾಗಿ, ಗಡುಸಾಗಿ ತೋರುವ ಈ ಕೂದಲು ವಾಸ್ತವವಾಗಿ ಎಲ್ಲ ಬಗೆಯ ಕೂದಲುಗಳಿಗಿಂತ ಸುಕುಮಾರವಾದದ್ದು. ಇದು ಬೆಳೆಯುವ ವೇಗವೂ ಕಡಮೆ: ತಿಂಗಳಿಗೆ ಸುಮಾರು 8 ಮಿಲಿಮೀಟರ್, ಏಷ್ಯಾದವರ ನೇರಕೂದಲಿನದಾದರೆ ಸುಮಾರು 12 ಅಥವಾ 13. ಬೆಳೆದದ್ದೂ ಮುದುಡಿಕೊಂಡೇ ಇರುವುದರಿಂದ, ಭುಜಕ್ಕೆ ಮುಟ್ಟುವಷ್ಟು ಉದ್ದದ ಕೂದಲು ಒಣಗಿದೊಡನೆ ಕಿವಿಯ ಮೇಲೆಯೇ ನಿಂತುಬಿಡುತ್ತದೆ. "ಇವರಿಗೆ ಕೂದಲೇ ಬೆಳೆಯುವುದಿಲ್ಲ" ಎಂಬ ಜನರ ಮಾತಿಗೆ ಮೂಲ ಇದೇ. ಬೆಳೆಯದೆ ಏನು, ಬೆಳೆದಷ್ಟು ಮುರಿಯುತ್ತಿರುತ್ತದೆ. ಮುರಿಯದಂತೆ ನೋಡಿಕೊಂಡರೆ ಉದ್ದವೂ ಒದಗುತ್ತದೆ.

ಕೂದಲಿನೊಳಗೆ ನೀರು ಮಾಡುವ ಕೆಲಸವೇನೆಂಬುದನ್ನು ಇಲ್ಲಿ ತಿಳಿಯಬೇಕು. ಕೂದಲು ತನ್ನ ತೂಕದ ನೂರಕ್ಕೆ ಸುಮಾರು 30 ಪಾಲಿನಷ್ಟು ನೀರನ್ನು ಹೀರಬಲ್ಲುದು. ಕೆರಾಟಿನ್ನಿನ ತಂತುಗಳನ್ನು ಪರಸ್ಪರ ಹಿಡಿದಿರುವ ಬಂಧಗಳಲ್ಲಿ ದುರ್ಬಲವಾದ ಜಲಜನಕದ ಬಂಧಗಳು ನೀರು ಹೊಕ್ಕೊಡನೆ ಬಿಚ್ಚಿಕೊಳ್ಳುತ್ತವೆ, ಒಣಗುತ್ತ ಬಂದಂತೆ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆಯಾದ ಕೂದಲು ಮೆದುವಾಗುವುದೂ, ಆ ಸ್ಥಿತಿಯಲ್ಲಿ ಹೆಣೆದು ಒಣಗಿಸಿದರೆ ಹೆಣಿಗೆಯ ರೂಪವನ್ನೇ ಹಿಡಿದು ನಿಲ್ಲುವುದೂ ಈ ಕಾರಣದಿಂದ. ಎಣ್ಣೆಯಲ್ಲಿ ನೀರಿಲ್ಲ; ಅದು ಎಷ್ಟೇ ಸ್ನಿಗ್ಧವಾಗಿದ್ದರೂ ಈ ಕಾರ್ಯವನ್ನು ಮಾಡಲಾರದು. ಗ್ಲಿಸರಿನ್, ಜೇನುತುಪ್ಪ, ಲೋಳೆಸರದ ತಿರುಳು ಮುಂತಾದವು ನೀರನ್ನು ತಮ್ಮತ್ತ ಸೆಳೆದು ಹಿಡಿಯುವ ಸ್ವಭಾವದವು. ಆದರೆ ಇವನ್ನು ಹವೆ ನೋಡಿ ಬಳಸಬೇಕು. ಗಾಳಿಯಲ್ಲಿ ತೇವವಿದ್ದರೆ ಅದನ್ನೆಳೆದು ಕೂದಲಿಗೆ ಕೊಡುವ ಗ್ಲಿಸರಿನ್, ಗಾಳಿ ಒಣಗಿದ್ದರೆ ಕೂದಲಿನೊಳಗಿನ ತೇವವನ್ನೇ ಹೊರಕ್ಕೆ ಸೆಳೆದುಬಿಡುತ್ತದೆ.

ಒಣಗಾಳಿಯೆಂದರೇನೆಂಬುದನ್ನು ಪಶ್ಚಿಮ ಆಫ್ರಿಕಾದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ಸಹಾರಾದ ಧೂಳನ್ನು ಹೊತ್ತು ಬೀಸುವ ಹರ್ಮಟ್ಟಾನ್ ಮಾರುತ ತುಟಿಯನ್ನು ಒಡೆಯಿಸಿ, ಚರ್ಮವನ್ನು ಬಿರಿಯಿಸಿ, ಕೂದಲನ್ನು ಹುಲ್ಲಾಗಿಸುತ್ತದೆ. ಅದೇ ಪ್ರದೇಶದಲ್ಲಿ, ಮಾಲಿ, ಬುರ್ಕಿನಾ ಫಾಸೊ, ಘಾನಾದ ಉತ್ತರಭಾಗಗಳ ಹುಲ್ಲುಬಯಲುಗಳಲ್ಲಿ, ಶಿಯಾ ಎಂಬ ಮರ ತಾನಾಗಿ ಬೆಳೆದಿರುವುದನ್ನು ಪ್ರಕೃತಿಯ ಔದಾರ್ಯವೆಂದೇ ಹೇಳಬೇಕು. 1795ರಿಂದ 1797ರವರೆಗೆ ನೈಜರ್ ನದಿಯನ್ನರಸುತ್ತ ಅಲ್ಲಿ ಅಲೆದ ಸ್ಕಾಟ್ಲೆಂಡಿನ ವೈದ್ಯ ಮುಂಗೋ ಪಾರ್ಕ್ ಈ ಮರದ ಬೆಣ್ಣೆಯನ್ನು ಕಂಡು ಬರೆದನು; ಬಹುಕಾಲ ಆ ಮರದ ಸಸ್ಯಶಾಸ್ತ್ರೀಯ ನಾಮದಲ್ಲಿ ಅವನ ಹೆಸರೂ ಸೇರಿಕೊಂಡಿತ್ತು. ಬೆಣ್ಣೆ ತೆಗೆಯುವುದು ಇಂದಿಗೂ ಹೆಂಗಸರ ಕೆಲಸ. ಉದುರಿದ ಹಣ್ಣನ್ನು ಆಯ್ದು, ತಿರುಳನ್ನು ತೆಗೆದು, ಬೀಜವನ್ನು ಬೇಯಿಸಿ ಒಣಗಿಸಿ, ಸಿಪ್ಪೆಯೊಡೆದು, ಕುಟ್ಟಿ, ಹುರಿದು, ನುಣ್ಣಗೆ ಅರೆದರೆ ಕಡುಗಂದು ಬಣ್ಣದ ರೊಬ್ಬಾಗುತ್ತದೆ. ಆ ರೊಬ್ಬನ್ನು ಅಗಲವಾದ ಬೋಗುಣಿಯಲ್ಲಿ ಹಾಕಿಕೊಂಡು, ಸ್ವಲ್ಪಸ್ವಲ್ಪವೇ ನೀರು ಬೆರೆಸುತ್ತ, ಮೊಣಕೈವರೆಗೆ ತೋಳಿಳಿಸಿ ಬಡಿದು ಕಲಸುತ್ತ ಹೋದಂತೆ, ಹೊತ್ತು ಕಳೆದಮೇಲೆ ಒಂದು ಗಳಿಗೆಯಲ್ಲಿ ಕಂದುಬಣ್ಣ ತಿಳಿಯಾಗಿ, ಬೂದುಬಿಳುಪಿನ ಕೊಬ್ಬು ಮೇಲಕ್ಕೆ ಏಳತೊಡಗುತ್ತದೆ. ಅದನ್ನು ತೊಳೆದು, ಕಾಯಿಸಿ, ಸೋಸಿ ಆರಿಸಿದರೆ ಶಿಯಾ ಬೆಣ್ಣೆ. ಅಂಗೈಯ ಬಿಸುಪಿಗೆ ಕರಗುವ ಈ ಬೆಣ್ಣೆಯನ್ನು ನೀರು ತಾಕಿಸಿದ ಕೂದಲಿಗೆ ಸವರಿ ಹೆಣೆದರೆ, ಒಳಗಿನ ತೇವ ಹಲವು ದಿನ ಒಳಗೇ ಉಳಿಯುತ್ತದೆ.

ನಮೀಬಿಯಾದ ವಾಯವ್ಯ ಮೂಲೆಯ ಹಿಂಬಾ ಹೆಂಗಸರು ಬೆಣ್ಣೆಯ ಜಿಡ್ಡಿಗೆ ಕೆಮ್ಮಣ್ಣನ್ನು ಕಲಸಿದ ಲೇಪದಿಂದ ತಮ್ಮ ಜಡೆಗಳನ್ನು ಮುಚ್ಚಿಬಿಡುತ್ತಾರೆ. ನೀರೇ ದುರ್ಲಭವಾದ ನಾಡಿನಲ್ಲಿ ಇದ್ದ ತೇವವನ್ನು ಕಳೆದುಕೊಳ್ಳದಿರುವುದೇ ಜಾಣತನ. ಚಾಡ್ ದೇಶದ ಬಸಾರ ಅರಬ ಹೆಂಗಸರು ಚೇಬೆ ಎಂಬ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ನೆತ್ತಿಯ ಚರ್ಮಕ್ಕೆ ತಾಗಿಸದೆ ಎಳೆಗಳ ಉದ್ದಕ್ಕೆ ಮಾತ್ರ ಬಳಿದು ಹೆಣೆಯುತ್ತಾರೆ. ಚೇಬೆಯಿಂದ ಕೂದಲು ಹುಲುಸಾಗಿ ಹುಟ್ಟುತ್ತದೆಂದು ಇಂದು ಮಾರುಕಟ್ಟೆಯಲ್ಲಿ ಕೂಗುವವರು ಬಹಳ ಮಂದಿ. ನನಗೆ ತೋರುವಂತೆ ಮಹಿಮೆ ಪುಡಿಯದಲ್ಲ. ಹೆಣೆದ ಕೂದಲನ್ನು ದಿನದಿನವೂ ಬಿಚ್ಚಿ ಬಾಚದೆ ಬಿಟ್ಟಿರುವ ಸಂಯಮದ್ದು.

ಆಫ್ರಿಕಾದ ಮಣ್ಣಿನಲ್ಲಿ ರೂಢಿಯಾಗಿದ್ದ ಈ ವಿದ್ಯೆ ದಾಸ್ಯದಿಂದ ಕಡಿದುಹೋಯಿತು. ಸೆರೆಸಿಕ್ಕವರ ತಲೆಯನ್ನು ಹಡಗು ಹತ್ತಿಸುವಾಗ ಬೋಳಿಸುತ್ತಿದ್ದುದುಂಟು. ಅಮೆರಿಕದ ಹತ್ತಿಹೊಲಗಳನ್ನು ಸೇರಿದವರಿಗೆ ಅವರ ಅಗಲಹಲ್ಲಿನ ಮರದ ಬಾಚಣಿಗೆಯಾಗಲಿ, ಪರಿಚಯದ ಎಣ್ಣೆಯಾಗಲಿ, ಬಿಡುವಾಗಲಿ ಇರಲಿಲ್ಲ. ಕುರಿಯ ಉಣ್ಣೆಯನ್ನು ಬಿಡಿಸುವ ಹಣಿಗೆಯಿಂದ ತಲೆ ಬಾಚಿಕೊಂಡು, ಹಂದಿಯ ಕೊಬ್ಬನ್ನೋ ಸೀಮೆಎಣ್ಣೆಯನ್ನೋ ಸವರಿಕೊಂಡು, ವಾರಕ್ಕೊಮ್ಮೆ ಬರುವ ಭಾನುವಾರದ ಬಿಡುವಿನಲ್ಲಿ ಒಬ್ಬರ ತಲೆಯನ್ನು ಒಬ್ಬರು ನೋಡಿಕೊಂಡರು. ಲೂಸಿಯಾನದ ಗವರ್ನರು 1786ರಲ್ಲಿ ಕಪ್ಪು ಹೆಂಗಸರು ತಲೆಯನ್ನು ಬಟ್ಟೆಯಿಂದ ಮುಚ್ಚತಕ್ಕದ್ದೆಂದು ಆಜ್ಞೆ ಹೊರಡಿಸಿದಾಗ, ಅವರು ಆ ಬಟ್ಟೆಯನ್ನೇ ಬಣ್ಣಬಣ್ಣದ ಮುಂಡಾಸುಗಳಾಗಿ ಸುತ್ತಿ ಆಜ್ಞೆಯ ಉದ್ದೇಶವನ್ನೇ ಬುಡಮೇಲು ಮಾಡಿದರಂತೆ.

ದಾಸ್ಯ ತೊಲಗಿದ ಮೇಲೂ ನೇರಕೂದಲೇ ಒಳ್ಳೆಯ ಕೂದಲು ಎಂಬ ಭಾವನೆ ತೊಲಗಲಿಲ್ಲ. 1867ರಲ್ಲಿ ಲೂಸಿಯಾನದ ಡೆಲ್ಟಾ ಎಂಬಲ್ಲಿ ಹುಟ್ಟಿ, ಸೇಂಟ್ ಲೂಯಿಯಲ್ಲಿ ಬಟ್ಟೆ ಒಗೆದು ಜೀವನ ಮಾಡುತ್ತಿದ್ದ ಸಾರಾ ಬ್ರೀಡ್‌ಲವ್ ಎಂಬಾಕೆ, ತನ್ನ ಕೂದಲು ಉದುರಲಾರಂಭಿಸಿದ್ದರಿಂದ ಔಷಧ ಹುಡುಕುತ್ತ ಹೊರಟು, ಗಂಧಕವೂ ಪೆಟ್ರೋಲಿಯಂ ಜೆಲ್ಲಿಯೂ ಸೇರಿದ ಮುಲಾಮೊಂದನ್ನು ಮಾರಿ, ಮೇಡಂ ಸಿ. ಜೆ. ವಾಕರ್ ಎಂಬ ಹೆಸರಿನಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಕಾರ್ಖಾನೆಯನ್ನೇ ಕಟ್ಟಿ, 1919ರಲ್ಲಿ ತೀರಿಕೊಳ್ಳುವ ಹೊತ್ತಿಗೆ ದೇಶದ ಅತ್ಯಂತ ಶ್ರೀಮಂತ ಕಪ್ಪು ಮಹಿಳೆಯರಲ್ಲಿ ಒಬ್ಬಳೆನಿಸಿದ್ದಳು. ಕಾಯಿಸಿದ ಬಾಚಣಿಗೆಯಿಂದ ಕೂದಲನ್ನು ನೇರಗೊಳಿಸುವ ಉಪಾಯವನ್ನು ಆಕೆಯೇ ಕಂಡುಹಿಡಿದಳೆಂದು ಹೇಳುವುದು ತಪ್ಪು; ಅದು ಆಕೆಗಿಂತ ಹಳೆಯದು. ಬಳಿಕ ಬಂದ ರಿಲ್ಯಾಕ್ಸರ್ ಎಂಬ ಲೇಪಗಳಲ್ಲಿ ಹಲವುಗಳ ಮುಖ್ಯದ್ರವ್ಯ ಕಾಸ್ಟಿಕ್ ಸೋಡಾ. ಅದು ಕೆರಾಟಿನ್ನಿನ ಗಂಧಕದ ಬಂಧಗಳನ್ನೇ ಮುರಿದು ಕೂದಲನ್ನು ನೆಟ್ಟಗೆ ಮಾಡುತ್ತದೆ. ಆದರೆ ಹುರುಪೆಗಳ ಮೇಲಿದ್ದ ಸಹಜವಾದ ಜಿಡ್ಡಿನ ಪೊರೆಯನ್ನೂ ಸುಲಿದೊಗೆಯುವುದರಿಂದ, ಮೊದಲೇ ಒಣಗುತ್ತಿದ್ದ ಎಳೆ ಇನ್ನಷ್ಟು ಒಣಗುತ್ತದೆ. ಕೂದಲನ್ನು ನೇರಗೊಳಿಸುವ ರಾಸಾಯನಿಕಗಳನ್ನು ವರ್ಷದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಾರಿ ಬಳಸಿದ ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡುಬಂದುದನ್ನು ಅಮೆರಿಕದ ಸರ್ಕಾರೀ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು 2022ರಲ್ಲಿ ವರದಿಮಾಡಿತು. ಇದು ಕಾರ್ಯಕಾರಣದ ಅಂತಿಮ ನಿರ್ಣಯವಲ್ಲವಾದರೂ ಅಲಕ್ಷಿಸತಕ್ಕ ಮಾತೂ ಅಲ್ಲ. ನೇರಗೊಳಿಸಲೊಲ್ಲದವರು ಪರರ ಕೂದಲನ್ನು ತಮ್ಮ ಹೆಣಿಗೆಯ ಮೇಲೆ ಹೊಲಿಸಿಕೊಂಡರು. ತಿರುಮಲೆಯಲ್ಲಿ ಹರಕೆಯಾಗಿ ನಾವು ಕೊಟ್ಟ ಮುಡಿಯಲ್ಲಿ ಎಷ್ಟೋ ಪಾಲು ಹರಾಜಾಗಿ ಹೊರದೇಶಗಳ ಸಲೂನುಗಳನ್ನು ಸೇರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕಪ್ಪು ಜನರ ಹಕ್ಕಿನ ಹೋರಾಟ ಕಾವೇರಿದ 1960ರ ದಶಕದಲ್ಲಿ ಕೂದಲನ್ನು ಇದ್ದಹಾಗೆಯೇ ಬಿಡುವುದು ಸ್ವಾಭಿಮಾನದ ಲಕ್ಷಣವಾಯಿತು; ಸಹಜ ಕೇಶವಿನ್ಯಾಸದ ಕಾರಣಕ್ಕೆ ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ಭೇದವೆಣಿಸಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ.

ಹೀಗೆ ಸಹಜಕೂದಲಿಗೆ ಮರಳಿದವರು ಕಳೆದುಹೋಗಿದ್ದ ವಿದ್ಯೆಯನ್ನು ಮತ್ತೆ ಕಲಿಯಬೇಕಾಯಿತು. ಅದರ ಫಲವೇ ಇಂದು ಕಪ್ಪು ಕುಟುಂಬಗಳಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನಡೆಯುವ 'ವಾಷ್ ಡೇ'. ತಾಯಿ ಕುರ್ಚಿಯ ಮೇಲೆ, ಮಗಳು ನೆಲದ ಮೇಲೆ ಅವಳ ಮೊಣಕಾಲುಗಳ ನಡುವೆ. ತಲೆಯನ್ನು ನಾಲ್ಕು ಪಾಲು ಮಾಡಿ, ಮೂರನ್ನು ಕ್ಲಿಪ್ಪಿನಿಂದ ಬಿಗಿದು, ಒಂದನ್ನು ಮಾತ್ರ ಬಿಚ್ಚಿಟ್ಟುಕೊಂಡು, ನೀರು ಚಿಮುಕಿಸಿ, ಕಂಡೀಷನರನ್ನು ಧಾರಾಳವಾಗಿ ಬಳಿದು, ಮೊದಲು ಬೆರಳಿನಿಂದಲೂ ಅನಂತರ ಅಗಲಹಲ್ಲಿನ ಬಾಚಣಿಗೆಯಿಂದಲೂ ಸಿಕ್ಕು ಬಿಡಿಸುವುದು. ಬಾಚಣಿಗೆ ಹೊರಡಬೇಕಾದ್ದು ತುದಿಯಿಂದ. ತುದಿಯ ಒಂದು ಅಂಗುಲ ಬಿಡಿಸಿಕೊಂಡ ಮೇಲೆ ಅದಕ್ಕೂ ಮೇಲಿನ ಒಂದು ಅಂಗುಲ. ಬುಡದಿಂದ ಹೊರಟು ಕೆಳಕ್ಕೆಳೆದರೆ ಸಣ್ಣ ಸಿಕ್ಕುಗಳೆಲ್ಲ ಕೂಡಿ ಗಂಟಾಗಿ, 'ಚಟ್' ಎಂಬ ಸದ್ದಿನೊಂದಿಗೆ ಒಂದು ತಿಂಗಳ ಬೆಳೆ ಕೈಗೆ ಬಂದುಬಿಡುತ್ತದೆ. ಒಣಕೂದಲನ್ನು ಬಾಚುವುದಂತೂ ನಿಷಿದ್ಧ. ತೊಳೆದು ಮುಗಿದಮೇಲೆ, ಕೂದಲು ಇನ್ನೂ ಒದ್ದೆಯಾಗಿರುವಾಗಲೇ, ಹಚ್ಚಿ ಹಾಗೆಯೇ ಬಿಡುವ ತೆಳುವಾದ ಕಂಡೀಷನರ್, ಅದರ ಮೇಲೆ ಎಣ್ಣೆ, ಅದರ ಮೇಲೆ ಕ್ರೀಮು ಸವರುವವರು ಕೆಲವರು. ಕ್ರೀಮು ಮೊದಲು, ಎಣ್ಣೆ ಕೊನೆಗೆ ಎನ್ನುವವರು ಕೆಲವರು. ಈ ಎರಡು ಪಕ್ಷಗಳ ವಾದ ದ್ವೈತಾದ್ವೈತಗಳಷ್ಟು ದೀರ್ಘವಾಗಿ ನಡೆದಿದೆ. ನೀರು ಮೊದಲು ಬರಬೇಕೆಂಬುದರಲ್ಲಿ ಮಾತ್ರ ಉಭಯರಿಗೂ ಭಿನ್ನಾಭಿಪ್ರಾಯವಿಲ್ಲ. ಆಮೇಲೆ ಎರಡೆರಡು ಎಳೆಗಳನ್ನು ಹುರಿಗೊಳಿಸಿಯೋ ಸಡಿಲವಾಗಿ ಹೆಣೆದೋ ಕಟ್ಟಿ, ರಾತ್ರಿ ಸ್ಯಾಟಿನ್ ಟೋಪಿ ಹಾಕಿ ಮಲಗಿಸುವುದು. ಹತ್ತಿಯ ದಿಂಬು ಕೂದಲಿನ ತೇವವನ್ನು ಹೀರುತ್ತದೆ, ಉಜ್ಜುತ್ತದೆ, ಸ್ಯಾಟಿನ್ ಹಾಗಲ್ಲ.

ಎಣ್ಣೆಯನ್ನು ನಾನು ಹೀನಾಯಿಸುತ್ತಿರುವೆನೆಂದು ಅಭ್ಯಂಜನಪ್ರಿಯರು ಮುನಿಯಬಾರದು. ನಮ್ಮ ಹಬ್ಬದ ಎಣ್ಣೆಸ್ನಾನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ ಎಂಬ ಕ್ರಮವಿದೆಯಷ್ಟೆ. ಅದಕ್ಕೆ ಬೇರೆಯೇ ಒಂದು ಅರ್ಥವುಂಟೆಂಬುದು ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದಿದೆ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲ ಈ ಮೂರನ್ನು ಹೋಲಿಸಿ ನೋಡಲಾಗಿ, ತೊಳೆಯುವಾಗ ಕೂದಲಿನ ಪ್ರೋಟೀನು ನಷ್ಟವಾಗುವುದನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆಯೊಂದೇ. ಅದರಲ್ಲಿರುವ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆದ್ದರಿಂದ ಎಳೆಯ ಒಳಕ್ಕೆ ಹೊಗಬಲ್ಲುದು. ಕೂದಲು ಒಮ್ಮೆಗೇ ನೀರು ಕುಡಿದು ಉಬ್ಬಿ, ಮತ್ತೆ ಕುಗ್ಗಿ, ಹೀಗೆ ಪದೇಪದೇ ಆಗುವುದರಿಂದ ಹುರುಪೆಗಳು ಸಡಿಲುತ್ತವೆ. ಮೊದಲೇ ಒಳಹೊಕ್ಕ ತೆಂಗಿನೆಣ್ಣೆ ಆ ಉಬ್ಬರವನ್ನು ಮಿತಗೊಳಿಸುತ್ತದೆ. ಸ್ನಾನಕ್ಕೆ ಮೊದಲು ತೆಂಗಿನೆಣ್ಣೆ ಸವರುವ ಪದ್ಧತಿಯನ್ನು ಅಮೆರಿಕದ ಸುರುಳಿಗೂದಲಿನವರೂ ಈಗ ಕೈಕೊಂಡಿದ್ದಾರೆ.

ಹರಳೆಣ್ಣೆಯ ಪಾತ್ರ ಬೇರೆ. ಮಂದವಾದ ಅದು ಮೇಲ್ಮೈಯಲ್ಲೇ ನಿಲ್ಲತಕ್ಕದ್ದಾದ ಕಾರಣ ಸ್ನಾನಾನಂತರದ ಕಾವಲಿಗೆ ಯೋಗ್ಯ. ಜಮೈಕಾದ ಕರಿ ಹರಳೆಣ್ಣೆಗೆ ಕಪ್ಪು ಜನರಲ್ಲಿ ಬಹಳ ಪ್ರಖ್ಯಾತಿ; ಹರಳುಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ತೆಗೆಯುವ ಅಲ್ಲಿಯ ವಿಧಾನವನ್ನು ಕೇಳಿದರೆ, ನಮ್ಮ ಹಳ್ಳಿಗಳ ಹಿತ್ತಲಲ್ಲಿ ಹರಳೆಣ್ಣೆ ಕಾಯಿಸಿದ ಮುದುಕಿಯರಿಗೆ ಹೊಸದೇನೂ ತೋರದು. ಹರಳುಗಿಡದ ಮೂಲಸ್ಥಾನ ಪೂರ್ವ ಆಫ್ರಿಕಾವೇ. ಸಿಕ್ಕು ಬಿಡಿಸಲು ಬೇಕಾದ ಜಾರುಗುಣಕ್ಕಾಗಿ ಅಮೆರಿಕದ ಸುರುಳಿಗೂದಲಿನವರು ಅಗಸೆಬೀಜವನ್ನು ಕುದಿಸಿ ಸೋಸಿದ ಲೋಳೆಯನ್ನು ಬಳಸುತ್ತಾರೆ. ನಮ್ಮ ದಾಸವಾಳದ ಸೊಪ್ಪನ್ನು ಕಿವುಚಿದರೆ ಬರುವ ಲೋಳೆ ಅದಕ್ಕೇನೂ ಕಡಮೆಯಲ್ಲ. ಸೀಗೆಕಾಯಿ ಸೋಪಿಗಿಂತ ಸೌಮ್ಯವಾದದ್ದೇ, ಆದರೆ ಪುಡಿಯ ರೂಪದಲ್ಲಿ ಹಾಕಿದರೆ ಅದರ ಕಣಗಳು ಬಿಗಿಸುರುಳಿಗಳ ಸಂದಿನಲ್ಲಿ ಸಿಕ್ಕಿಕೊಂಡು ಹೊರಬರಲೊಲ್ಲವು. ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಳಸುವುದು ಮೇಲು.

ವಿಪರೀತದ ಬಗೆಗೂ ಎರಡು ಮಾತು ಹೇಳಬೇಕು. ನೆತ್ತಿಯಲ್ಲಿ ಹೊಟ್ಟು ಉದುರುವುದನ್ನು ಒಣಗಿದ ಲಕ್ಷಣವೆಂದು ಭಾವಿಸಿ ಎಣ್ಣೆ ಸುರಿಯುವವರಿದ್ದಾರೆ. ಹೊಟ್ಟಿಗೆ ಕಾರಣವಾದ ಶಿಲೀಂಧ್ರ ಜಿಡ್ಡನ್ನು ತಿಂದೇ ಬದುಕುವುದಾದ್ದರಿಂದ ಅಲ್ಲಿ ಎಣ್ಣೆ ಹಾಕಿದಷ್ಟೂ ಉಪದ್ರವ ಹೆಚ್ಚು. ಎಣ್ಣೆ, ಕ್ರೀಮುಗಳು ಸೇರಬೇಕಾದ್ದು ಎಳೆಗಳ ಉದ್ದಕ್ಕೆ, ವಿಶೇಷವಾಗಿ ತುದಿಗೆ. ಹಣೆಯ ಚರ್ಮ ಎಳೆಯುವಷ್ಟು ಬಿಗಿಯಾಗಿ ಹೆಣೆದರೆ ಅಂಚಿನ ಕೂದಲು ಬೇರುಸಹಿತ ಕಳಚಿ, ಕ್ರಮೇಣ ಮತ್ತೆ ಹುಟ್ಟದೆಯೂ ಹೋಗಬಹುದು. ಇನ್ನು ಅಂಗಡಿಯ ಡಬ್ಬಿಗಳ ಸಂಗತಿ: ಡಬ್ಬಿಯ ಮೇಲೆ ತೇವದ ವಾಗ್ದಾನ ಎಷ್ಟೇ ದೊಡ್ಡಕ್ಷರದಲ್ಲಿರಲಿ, ಸಾಮಗ್ರಿಗಳ ಪಟ್ಟಿಯಲ್ಲಿ ಮೊದಲ ಹೆಸರು ನೀರಿನದಲ್ಲದಿದ್ದರೆ ಆ ವಸ್ತು ಕಾವಲಿಗೆ ಆದೀತೇ ಹೊರತು ದಾಹಕ್ಕೆ ಆಗದು.

ಉತ್ತರ ಕನ್ನಡದ ಕಾಡಿನೂರಿನಿಂದ ಹೊರಟು ಬಯಲುಸೀಮೆಯ ಪಟ್ಟಣದ ಹಾಸ್ಟೆಲ್ಲನ್ನು ಸೇರಿದ ಸಿದ್ದಿ ಹುಡುಗಿಗೆ ಬಹುಶಃ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕೊಳವೆಬಾವಿಯ ಗಡಸುನೀರು. ಅದರಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಕೂಡಿ ನೊರೆಯ ಬದಲು ಗಸಿಯಾಗಿ ಎಳೆಗಳಿಗೆ ಅಂಟುತ್ತದೆ, ಅದರ ಮೇಲೆ ನೀರೂ ಹಿಡಿಯದು, ಎಣ್ಣೆಯೂ ಹಿಡಿಯದು. ಬಟ್ಟೆಸೋಪಿಗೂ ಮೈಸೋಪಿಗೂ ತಲೆಯನ್ನೊಡ್ಡದೆ, ಸೌಮ್ಯವಾದ ಶಾಂಪೂವನ್ನು ನೆತ್ತಿಗಷ್ಟೇ ತಿಕ್ಕಿ, ಕೊನೆಯ ತಂಬಿಗೆಯನ್ನಾದರೂ ಮಳೆನೀರಿನದಾಗಿಸಿಕೊಂಡರೆ ಅರ್ಧ ಕಷ್ಟ ತೀರುತ್ತದೆ. ಊರಿಗೆ ಮರಳಿದಾಗ ಕಷ್ಟ ತಿರುಗುಮುರುಗಾಗುತ್ತದೆ: ಯಲ್ಲಾಪುರದ ಆಷಾಢದಲ್ಲಿ ಮೆದುನೀರು ಸೂರಿನಿಂದಲೇ ಸುರಿಯುತ್ತಿರುತ್ತದೆ, ಹೆಣೆದ ಕೂದಲು ಮಾತ್ರ ಎರಡು ದಿನವಾದರೂ ಒಣಗದೆ ಮುಗ್ಗಲು ನಾರತೊಡಗುತ್ತದೆ. ಆ ತಿಂಗಳುಗಳಲ್ಲಿ ಗ್ಲಿಸರಿನ್ ಬೇಡ, ರಾತ್ರಿಯ ತಲೆಸ್ನಾನ ಬೇಡ. ಬೆಳಗಿನಲ್ಲೇ ತೊಳೆದು, ಹಳೆಯ ಹತ್ತಿಯ ಅಂಗಿಯಿಂದ ಉಜ್ಜದೆ ಒತ್ತಿ ನೀರು ತೆಗೆದು, ಒಲೆಯ ಬಿಸುಪು ತಾಗುವಷ್ಟು ದೂರದಲ್ಲಿ ಕುಳಿತು ಬುಡ ಆರಿದ ಮೇಲೆ ಹೆಣೆದುಕೊಳ್ಳತಕ್ಕದ್ದು.